ಇಲಿ ಬರುವುದು ಮೂರನೇ ಪುಟದಲ್ಲಿ!

ನಮಸ್ಕಾರ. ಇಲಿಗಳ ಮೇಲಿನ ಪ್ರಯೋಗ ಹಿಡಿದು, ಕುಡಿತಕ್ಕೆ ಜೀನ್ (ವಂಶವಾಹಿ) ಕಾರಣ ಎನ್ನುವ ನಿಮ್ಮ ‘ಕುಡಿತ ರಕ್ತದಲ್ಲೇ ಇದೆ’ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ಮಲ್ಪೆಯ ಶೇಂದಿ ಅಂಗಡಿಯಲ್ಲಿ ಕೂತ ನಿಮ್ಮ ಮಾವನಿಗೆ ಎರಡು ಪುಟ ಹೋಗಿದೆ. ಚೆನ್ನಾಗೇನೋ ಬರೆದಿದ್ದೀರಿ. ಆದರೆ ಇಲಿ ಕಾಣಿಸಿಕೊಳ್ಳುವುದು ಮೂರನೇ ಪುಟದಲ್ಲಿ ಮಾರಾಯ್ರೆ! ಬಂದ ಮೇಲಾದರೂ ಅದನ್ನು ನೋಡಲು ಬಿಡದೆ, ಫಲಿತಾಂಶವನ್ನು ಸೀದಾ ಮಾವನ ತಲೆಗೆ ಕಟ್ಟಿದ್ದೀರಿ.

ನಿಮ್ಮ ಕೈಯಲ್ಲಿರುವ ಸರಕು ಸಣ್ಣದಲ್ಲ. ಸಿ57ಬಿಎಲ್/6 ಎಂಬ ಲ್ಯಾಬ್ ತಳಿಯ ಇಲಿಯ ಗೂಡಿಗೆ ಎರಡು ಬಾಟಲಿ ಸಿಕ್ಕಿಸಿ: ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಶೇ. 10ರಷ್ಟು ಆಲ್ಕೋಹಾಲ್ ಬೆರೆಸಿದ ನೀರು. ಅದು ಎರಡನೆಯದನ್ನೇ ಜಾಸ್ತಿ ಕುಡಿಯುತ್ತದೆ. ಡಿಬಿಎ/2 ಎಂಬ ಇನ್ನೊಂದು ತಳಿಯದು ಆ ಬಾಟಲಿಯನ್ನು ಮುಟ್ಟುವುದೇ ಕಡಿಮೆ. ಮೆಕ್‌ಕ್ಲಿಯರ್ನ್ ಮತ್ತು ರಾಜರ್ಸ್ ಎಂಬ ಸಂಶೋಧಕರು 1959ರಲ್ಲೇ ತಳಿಗಳ ನಡುವಿನ ಈ ಅಂತರ ತೋರಿಸಿದ್ದರು. ಇಂಥ ತಳಿ ಬೆಳೆಸಲು ಕನಿಷ್ಠ 20 ತಲೆಮಾರು ಅಣ್ಣತಂಗಿ ಇಲಿಗಳನ್ನೇ ಕೂಡಿಸುತ್ತಾರೆ. ಹಾಗಾಗಿ ಒಂದೇ ತಳಿಯ ಇಲಿಗಳ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಗೂಡು, ಆಹಾರ ಎಲ್ಲ ಸಮವಾಗಿಟ್ಟೂ ಎರಡು ತಳಿ ಬೇರೆ ಬೇರೆ ಥರ ನಡೆದುಕೊಂಡರೆ ಜೀನ್‌ನತ್ತ ಬೆರಳು ತೋರಿಸಬಹುದು. ಇಷ್ಟನ್ನು ಹೇಳದೆ ಓದುಗ ನಿಮ್ಮನ್ನು ಯಾಕೆ ನಂಬಬೇಕು?

ಮಜಾ ಇರುವುದು ಮುಂದೆ. ಬಾಟಲಿಗೆ ಬಾಯಿ ಹಾಕದ ಅದೇ ಡಿಬಿಎ/2ಗೆ ಆಲ್ಕೋಹಾಲನ್ನು ಸೂಜಿಯಲ್ಲಿ ಕೊಟ್ಟು ಒಂದು ಕೋಣೆಯಲ್ಲಿ ಬಿಟ್ಟರೆ, ಆಮೇಲೆ ಅದು ಆ ಕೋಣೆಗೇ ಹೋಗಿ ಕೂರುತ್ತದೆ. ಅಂದರೆ ಬೇಡವಾದದ್ದು ರುಚಿಯೇ ಇರಬೇಕು, ಅಮಲಲ್ಲ. ಇದನ್ನು ನೀವು ಆವರಣ ಚಿಹ್ನೆಯೊಳಗೆ ತುರುಕಿದ್ದೀರಿ! ಲೇಖನ ಇರುವುದೇ ಇಲ್ಲಿ ಅಲ್ವಾ? ಕುಡಿಯದಿರುವುದಕ್ಕೆ ಕಾರಣ ಬರೀ ರುಚಿಯಾದರೆ ನಿಮ್ಮ ಶೀರ್ಷಿಕೆ ಬೀಳುವುದೂ ಇಲ್ಲೇ. ‘ಕುಡಿತದ ಜೀನ್’ ಎಂಬ ಒಂಟಿ ಜೀನನ್ನೂ ತೆಗೆಯಿರಿ. ಇದರಲ್ಲಿ ಕೈಯಾಡಿಸುವ ಜೀನ್‌ಗಳು ಹಲವು.

ಕ್ರಾಬ್ ಎಂಬ ಸಂಶೋಧಕರ ತಂಡ 1999ರಲ್ಲಿ ಪ್ರಕಟಿಸಿದ ಕೆಲಸ ಸೇರಿಸಿ. ಮೂರು ಊರಿನ ಲ್ಯಾಬ್‌ಗಳಲ್ಲಿ ಅವೇ ತಳಿಗಳು, ಅವೇ ಸಲಕರಣೆಗಳು. ಆದರೂ ಕೆಲವು ಪರೀಕ್ಷೆಗಳಲ್ಲಿ ಲ್ಯಾಬ್ ಬದಲಾದಂತೆ ಫಲಿತಾಂಶವೂ ಬದಲಾಯಿತು. ಆಲ್ಕೋಹಾಲ್ ಕುಡಿಯುವುದರಲ್ಲಿ ಮಾತ್ರ ತಳಿಗಳ ಅಂತರ ಎಲ್ಲ ಕಡೆ ಎದ್ದು ಕಂಡಿತು.

ಮಾವ ಇರಲಿ, ಒಂದು ಪ್ಯಾರಾದಲ್ಲಿ. ಮಣಿಪಾಲದಲ್ಲೇ ಇದ್ದೀರಿ, ಇಲಿಗೆ ಸೂಜಿ ಹಾಕಿ ಅಭ್ಯಾಸವಿರುವ ಒಬ್ಬರನ್ನು ಮಾತಾಡಿಸಿ, ಕೈಯಲ್ಲಿ ಹಿಡಿದಾಗ ಅದು ಹೇಗೆ ಕೊಸರುತ್ತದೆ ಎಂದು ಕೇಳಿ ಬರೆಯಿರಿ. ಎಂಟುನೂರು ಪದ ಸಾಕು.