ತೀರ್ಥಹಳ್ಳಿ ಕಡೆ ತೋಟದ ಸುತ್ತ ಸವಾರಿಗೆ ಹೆಣ್ಣು ಕುದುರೆಯೋ, ಬೀಜ ತೆಗೆಸಿದ ಗಂಡೋ?

ಮೊದಲ ಕುದುರೆಯಾದರೆ ಬೀಜ ತೆಗೆಸಿದ ಗಂಡೇ ಸುಲಭ. ದಿನದಿಂದ ದಿನಕ್ಕೆ ಸ್ವಭಾವ ಹೆಚ್ಚು ಬದಲಾಗುವುದಿಲ್ಲ. ಹೆಣ್ಣು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, 5–7 ದಿನ ಇರುತ್ತದೆ. ಆಗ ಕೆಲವು ಕುದುರೆಗಳಿಗೆ ಪಕ್ಕೆ ಮುಟ್ಟಿದರೂ ಸಿಡುಕು, ಕೆಲವಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಗಂಡು ಕೊಳ್ಳುವಾಗ ಬೀಜ ತೆಗೆಸಿದ್ದು ಯಾವಾಗ ಎಂದು ಕೇಳಿ. ಹೊಸದಾಗಿ ತೆಗೆಸಿದ್ದಕ್ಕೆ ಕೆಲವು ವಾರ ಗಬ್ಬ ಕಟ್ಟಿಸುವ ಶಕ್ತಿ ಉಳಿದಿರಬಹುದು, ಹಳೆಯ ಚಾಳಿ ತಗ್ಗಲು ತಿಂಗಳುಗಳೇ ಬೇಕು. ಒಂದು ಬೀಜ ಹೊಟ್ಟೆಯೊಳಗೇ ಉಳಿದಿದ್ದರೆ ಅದು ಬೀಜ ತೆಗೆಸದ ಗಂಡಿನಂತೆಯೇ ಆಡುತ್ತದೆ. ಅನುಮಾನವಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಶಿಶ್ನದ ಚೀಲದಲ್ಲಿ ಕೊಳೆ ಕಟ್ಟುವುದರಿಂದ ಆಗಾಗ ನೋಡಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆಯಬೇಕು. ಹೆಣ್ಣಾದರೆ ಗಬ್ಬವೇ ಎಂದು ಪಶುವೈದ್ಯರಿಂದ ನೋಡಿಸಿಯೇ ದುಡ್ಡು ಕೊಡಿ. ಗಬ್ಬದ ಅವಧಿ 11 ತಿಂಗಳು, ಕೊನೆಯ ತಿಂಗಳುಗಳಲ್ಲಿ ಸವಾರಿ ಇಲ್ಲ.

ಮಲೆನಾಡಿಗೆ ಒಂದು ಮಾತು: ಗಂಡು ಲಾಯದ ನಡುವೆಯೇ ಉಚ್ಚೆ ಹೊಯ್ಯುತ್ತದೆ, ಹಾಸು ಬೇಗ ನೆನೆಯುತ್ತದೆ. ಮಳೆಗಾಲದಲ್ಲಿ ಆ ಹಸಿಯಲ್ಲೇ ನಿಂತರೆ ಗೊರಸಿನ ಅಡಿ ಕೊಳೆತು ಕಪ್ಪಗಾಗಿ ನಾರುತ್ತದೆ. ದಿನಾ ಗೊರಸು ಕೆರೆದು ಒಣಗಿಸಿ. ನಿಜ ಹೇಳಬೇಕೆಂದರೆ, ಇಲ್ಲಿನ ಕೆಸರಿಗೆ ಲಿಂಗಕ್ಕಿಂತ ಗಟ್ಟಿ ಗೊರಸೇ ಮುಖ್ಯ.