ಸಾಫ್ಟ್‌ಬಾಲ್ ಹುಡುಗಿಯರಿಗೆ ‘ಎ ಲೀಗ್ ಆಫ್ ದೇರ್ ಓನ್’ ತೋರಿಸುವ ಮುಂಚೆ

ಮೇಡಂ, ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ನಿಮ್ಮ ಶಾಲೆಯ ಸಾಫ್ಟ್‌ಬಾಲ್ ತಂಡಕ್ಕೆ ಹೆಣ್ಣುಮಕ್ಕಳ ಬೇಸ್‌ಬಾಲ್ ಲೀಗಿನ ಕಥೆಯಿರುವ ‘ಎ ಲೀಗ್ ಆಫ್ ದೇರ್ ಓನ್’ ಸಿನಿಮಾ ತೋರಿಸಬಹುದಾ, ಮಕ್ಕಳಿಗೆ ಅರ್ಥ ಆಗುತ್ತಾ, ಅದರಲ್ಲಿ ಎಷ್ಟು ನಿಜ, ಮುಜುಗರ ಆಗುವಂಥದ್ದು ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಧಾರಾಳವಾಗಿ ತೋರಿಸಿ. ಆದರೆ ಪ್ರೊಜೆಕ್ಟರ್ ಹಾಕುವ ಮುಂಚೆ ಮಕ್ಕಳನ್ನು ಒಂದು ಅರ್ಧ ಗಂಟೆ ಮೈದಾನಕ್ಕೆ ಕರೆದುಕೊಂಡು ಹೋಗಿ. ಯಾಕೆ ಅಂತ ಹೇಳುತ್ತೇನೆ.

1943ರಲ್ಲಿ ಅಮೆರಿಕದಲ್ಲಿ ಈ ಲೀಗ್ ಶುರುವಾದಾಗ ಆ ಹೆಣ್ಣುಮಕ್ಕಳ ಕೈಯಲ್ಲಿ ಇದ್ದದ್ದು 12 ಇಂಚು ಸುತ್ತಳತೆಯ ಚೆಂಡು. ಅಂದರೆ ನಿಮ್ಮ ಹುಡುಗಿಯರು ದಿನಾ ಹಿಡಿಯುವ ಅಳತೆಯದೇ! ಪಿಚಿಂಗ್, ಅಂದರೆ ಬ್ಯಾಟ್ ಮಾಡುವವಳಿಗೆ ಚೆಂಡು ಎಸೆಯೋದು ಕೂಡ ಕೈ ಕೆಳಗಿನಿಂದಲೇ. ಲೀಗಿಗೆ ಮೊದಲು ಇಟ್ಟ ಹೆಸರಿನಲ್ಲೂ ಸಾಫ್ಟ್‌ಬಾಲ್ ಅಂತಲೇ ಇತ್ತು. ಸಿನಿಮಾದಲ್ಲಿ ಮಾತ್ರ 1943ರಲ್ಲೇ ಎಲ್ಲರೂ ಭುಜದ ಮೇಲಿಂದ ಎಸೆಯುತ್ತಾರೆ. ನಿಜದಲ್ಲಿ ಪಕ್ಕದಿಂದ ಎಸೆಯೋದು ಬಂದದ್ದು 1946ರಲ್ಲಿ, ಪೂರ್ತಿ ಮೇಲಿಂದ ಎಸೆಯೋದು 1948ರಲ್ಲಿ. ಚೆಂಡು ಹಂತ ಹಂತವಾಗಿ ಸಣ್ಣದಾಗುತ್ತಾ ಹೋಗಿ, ಕೊನೆಯ ವರ್ಷವಾದ 1954ರಲ್ಲಿ ಗಂಡಸರ ಬೇಸ್‌ಬಾಲ್ ಅಳತೆಗೆ, ಅಂದರೆ ಸುಮಾರು 9 ಇಂಚಿಗೆ ಬಂತು. ನಿಮ್ಮ ಮಕ್ಕಳಿಗೆ ಇದು ಗೊತ್ತಿಲ್ಲದಿದ್ದರೆ ಸಿನಿಮಾ ಯಾವುದೋ ದೂರದ ದೇಶದ ಬೇರೆ ಆಟದ ಕಥೆ ಅನ್ನಿಸುತ್ತದೆ. ಗೊತ್ತಿದ್ದರೆ ಅದು ಅವರದೇ ಆಟದ ಕಥೆ.

ಹಾಗಾಗಿ ಮೈದಾನದಲ್ಲಿ ಇಷ್ಟು ಮಾಡಿ. ಸುಣ್ಣದ ಪುಡಿಯಲ್ಲಿ ಪಿಚರ್ ನಿಲ್ಲುವ ಗೆರೆ ಎರಡು ಹಾಕಿ. ಒಂದು ಹೋಮ್ ಪ್ಲೇಟಿನಿಂದ (ಬ್ಯಾಟ್ ಮಾಡುವವಳು ನಿಲ್ಲುವ ಜಾಗ) 40 ಅಡಿಗೆ, ಅದು 1943ರ ದೂರ. ಇನ್ನೊಂದು 60 ಅಡಿಗೆ, ಅದು 1954ರದ್ದು. ಬೇಸ್‌ಗಳ ನಡುವೆ ಮೊದಲು 65 ಅಡಿ ಇತ್ತು, ಕೊನೆಗೆ 85 ಆಯಿತು. ಈಗ ಸಾಫ್ಟ್‌ಬಾಲ್‌ನಲ್ಲಿ 60 ಅಡಿ ತಾನೇ? 85 ಅಡಿಗೆ ಒಂದು ಗುರುತು ಇಟ್ಟು ಓಡಿಸಿ ನೋಡಿ. ಒಂದು ದಾರದಲ್ಲಿ 12 ಇಂಚಿಗೆ, ಇನ್ನೊಂದರಲ್ಲಿ 9 ಇಂಚಿಗೆ ಗಂಟು ಹಾಕಿ ಸುತ್ತು ಮಾಡಿ ಕೈಗೆ ಕೊಡಿ. ಹನ್ನೆರಡು ವರ್ಷದೊಳಗೆ ಒಂದು ಆಟ ಹೇಗೆ ಹಿಗ್ಗಿತು, ಅದನ್ನು ಆಡಿದವರು ಪ್ರತಿ ಸಲ ಹೇಗೆ ಹೊಸದಾಗಿ ಕಲಿಯಬೇಕಾಯಿತು ಅಂತ ಮಕ್ಕಳಿಗೆ ಕಾಲಲ್ಲೇ ತಿಳಿಯುತ್ತದೆ. ಕೈ ಕೆಳಗಿನಿಂದ ಎಸೆದು ಹೆಸರು ಮಾಡಿದ ಪಿಚರ್‌ಗಳು ಮೇಲಿಂದ ಎಸೆಯೋದನ್ನು ಮೊದಲಿನಿಂದ ಅಭ್ಯಾಸ ಮಾಡಬೇಕಿತ್ತು, ಇಲ್ಲವೇ ಜಾಗ ಬಿಡಬೇಕಿತ್ತು. ನಿಮ್ಮ ತಂಡದ ಪಿಚರ್ ಹುಡುಗಿಗೆ ಇದು ಚೆನ್ನಾಗಿ ನಾಟುತ್ತದೆ.

ಹಿನ್ನೆಲೆ ಜಾಸ್ತಿ ಬೇಡ, ಇಷ್ಟು ಸಾಕು. ಎರಡನೇ ಮಹಾಯುದ್ಧ. ಜೋ ಡಿಮಾಜಿಯೋ, ಟೆಡ್ ವಿಲಿಯಮ್ಸ್ ಅಂಥ ದೊಡ್ಡ ಆಟಗಾರರೇ ಸೇನೆಗೆ ಹೋಗಿದ್ದರು. ಚೂಯಿಂಗ್ ಗಮ್ ಕಂಪನಿಯ, ಶಿಕಾಗೊ ಕಬ್ಸ್ ಬೇಸ್‌ಬಾಲ್ ತಂಡದ ಮಾಲೀಕ ಫಿಲಿಪ್ ರಿಗ್ಲಿ ಹೆಣ್ಣುಮಕ್ಕಳ ಲೀಗ್ ಕಟ್ಟಿದ. ಸಿನಿಮಾದಲ್ಲಿ ಅವನೇ ಚಾಕೊಲೇಟ್ ಕಂಪನಿಯ ಹಾರ್ವಿ. ಮೊದಲ ವರ್ಷ ನಾಲ್ಕು ತಂಡ: ರಾಕ್‌ಫರ್ಡ್ ಪೀಚಸ್, ರಸೀನ್ ಬೆಲ್ಸ್, ಕೆನೋಶಾ ಕಾಮೆಟ್ಸ್, ಸೌತ್ ಬೆಂಡ್ ಬ್ಲೂ ಸಾಕ್ಸ್. ಸಂಬಳ ವಾರಕ್ಕೆ 45ರಿಂದ 85 ಡಾಲರ್. ಸಿನಿಮಾದ ಅಕ್ಕತಂಗಿಯರಾದ ಡಾಟಿ ಮತ್ತು ಕಿಟ್ ಹಾಲಿನ ಡೈರಿಯಲ್ಲಿ ದುಡಿದು ಬರೀ 30 ಡಾಲರ್ ತರುತ್ತಿರುತ್ತಾರೆ. ಅವರಿಗೆ ವಾರಕ್ಕೆ 75 ಅಂದಾಗ ಹೇಗಾಗಿರಬೇಡ!

ಈಗ ಎಷ್ಟು ನಿಜ ಅನ್ನೋ ಪ್ರಶ್ನೆ. ಪಾತ್ರಗಳು ಕಲ್ಪನೆ, ಆದರೆ ಬೇರು ನಿಜದಲ್ಲಿದೆ. ಮೂಲ ಕಥೆ ಕೊಟ್ಟ ಇಬ್ಬರಲ್ಲಿ ಒಬ್ಬರು ಕೆಲ್ಲಿ ಕ್ಯಾಂಡೀಲ್. ಅವರ ತಾಯಿ ಹೆಲೆನ್ ಕ್ಯಾಲಹ್ಯಾನ್, ದೊಡ್ಡಮ್ಮ ಮಾರ್ಜ್ ಇಬ್ಬರೂ ಈ ಲೀಗಿನಲ್ಲಿ ಆಡಿದವರು, ಕೆನಡಾದ ವ್ಯಾಂಕೂವರ್ ಕಡೆಯವರು. ಹೆಲೆನ್ 1945ರಲ್ಲಿ ಲೀಗಿನ ಬ್ಯಾಟಿಂಗ್ ಪಟ್ಟಿಯಲ್ಲಿ ಮೊದಲಿದ್ದರು. ಅವರ ಇನ್ನೊಬ್ಬ ಮಗ ಕೇಸಿ ಮುಂದೆ ಗಂಡಸರ ಅತಿ ದೊಡ್ಡ ಬೇಸ್‌ಬಾಲ್ ಲೀಗಾದ ಮೇಜರ್ ಲೀಗಿನಲ್ಲೇ ಆಡಿದ. ತಾಯಿಯಿಂದ ಮಗನಿಗೆ ಬಂದ ಬೇಸ್‌ಬಾಲ್! ಈ ಸಂಗತಿಯನ್ನು ಮಕ್ಕಳಿಗೆ ಖಂಡಿತ ಹೇಳಿ. ಕುಡುಕ ಮ್ಯಾನೇಜರ್ ಜಿಮ್ಮಿ ಡೂಗನ್‌ನಲ್ಲಿ (ಟಾಮ್ ಹ್ಯಾಂಕ್ಸ್) ಜಿಮ್ಮಿ ಫಾಕ್ಸ್ ಎಂಬ ಹಳೆಯ ದಿಗ್ಗಜನ ನೆರಳಿದೆ. ಫಾಕ್ಸ್ 1952ರಲ್ಲಿ ಫೋರ್ಟ್ ವೇಯ್ನ್ ಡೇಸೀಸ್ ತಂಡಕ್ಕೆ ಮ್ಯಾನೇಜರ್ ಆಗಿದ್ದ. ಲಂಗ ಹಾಕಿಕೊಂಡು ಆಡಿದ್ದು, ಸದಾ ಲಿಪ್‌ಸ್ಟಿಕ್ ಇರಬೇಕು ಎಂಬ ನಿಯಮ, ನಡಿಗೆ ಕಲಿಸುವ ತರಗತಿ, ತಂಡದ ಜೊತೆ ಕಾವಲಿಗೆ ಒಬ್ಬ ಹೆಂಗಸು, ಇದೆಲ್ಲ ಅಪ್ಪಟ ನಿಜ.

ಫೈನಲ್ ಮಾತ್ರ ಬದಲಾಗಿದೆ. 1943ರ ಫೈನಲ್‌ನಲ್ಲಿ ರಾಕ್‌ಫರ್ಡ್ ಇರಲೇ ಇಲ್ಲ, ರಸೀನ್ ಮತ್ತು ಕೆನೋಶಾ ಆಡಿದವು. ರಸೀನ್–ರಾಕ್‌ಫರ್ಡ್ ನಡುವಿನ ನಿಜವಾದ ದೊಡ್ಡ ಫೈನಲ್ ನಡೆದದ್ದು 1946ರಲ್ಲಿ. ನನಗೆ ಕೇಳಿದರೆ ಅದು ಸಿನಿಮಾದ ಫೈನಲ್‌ಗಿಂತ ರೋಚಕ. ಕೊನೆಯ ಆಟ 14 ಇನಿಂಗ್ಸ್ ನಡೆಯಿತು. ರಸೀನ್‌ನ ಜೋಆನ್ ವಿಂಟರ್ ಹದಿನಾಲ್ಕೂ ಇನಿಂಗ್ಸ್ ತಾನೇ ಎಸೆದು ಒಂದು ರನ್ನೂ ಬಿಟ್ಟುಕೊಡಲಿಲ್ಲ. ಆ ಕಡೆ ರಾಕ್‌ಫರ್ಡ್‌ನ ಕ್ಯಾರೊಲಿನ್ ಮಾರಿಸ್ ಒಂಬತ್ತು ಇನಿಂಗ್ಸ್‌ವರೆಗೆ ಒಂದು ಹಿಟ್ ಕೂಡ ಕೊಟ್ಟಿರಲಿಲ್ಲ. ಹದಿನಾಲ್ಕರಲ್ಲಿ ಸೋಫಿ ಕುರಿಸ್ ಹಿಟ್ ಹೊಡೆದು ಮೊದಲ ಬೇಸ್ ಸೇರಿದಳು, ಎರಡನೆಯದನ್ನು ಕದ್ದಳು (ಯಾರೂ ಹಿಟ್ ಹೊಡೆಯದೆಯೇ ಓಡಿ ಸೇರಿದಳು), ಮೂರನೆಯದಕ್ಕೆ ಓಟ ಕಿತ್ತಾಗ ಬೆಟ್ಟಿ ಟ್ರೆಜ್ಜಾಳ ಹಿಟ್ ಬಂತು. ಸೋಫಿ ನಿಲ್ಲಲೇ ಇಲ್ಲ. ಹೋಮ್‌ಗೆ ಜಾರಿ ಬಂದು 1–0. ಆ ಒಂದೇ ವರ್ಷ ಸೋಫಿ ಕದ್ದ ಬೇಸ್‌ಗಳು 201. ಅದೂ ತೊಡೆ ಮುಚ್ಚದ ಲಂಗ ತೊಟ್ಟು, ಮಣ್ಣಿನಲ್ಲಿ ಜಾರಿ. ತೊಡೆಯ ಚರ್ಮ ಕಿತ್ತು ಬರುತ್ತಿತ್ತು. ಸಿನಿಮಾದಲ್ಲಿ ಒಬ್ಬಳ ತೊಡೆಯ ಮೇಲೆ ತಟ್ಟೆಯಗಲದ ಗಾಯ ತೋರಿಸುತ್ತಾರಲ್ಲ, ಅದು ಮೇಕಪ್ ಅಲ್ಲ. ನಟಿ ರೆನೇ ಕೋಲ್ಮನ್‌ಗೆ ಚಿತ್ರೀಕರಣದಲ್ಲಿ ಜಾರಿದಾಗ ಆದ ಗಾಯ.

ಸಿನಿಮಾ 2 ಗಂಟೆ 8 ನಿಮಿಷ ಇದೆ. ಶಾಲೆಯಲ್ಲಿ ಎರಡು ಭಾಗ ಮಾಡಿ. ಗೋಡೆ ಮೇಲೆ ತಂಡಗಳ ಪಟ್ಟಿ ಹಾಕುವ ದೃಶ್ಯ ಬಂದು ಮುಗಿದ ಕೂಡಲೇ ನಿಲ್ಲಿಸಿ. ಆ ದೃಶ್ಯದಲ್ಲಿ ಎಲ್ಲರೂ ಹೆಸರು ಹುಡುಕಿಕೊಂಡು ಹೋಗುತ್ತಾರೆ, ಒಬ್ಬಳು ಮಾತ್ರ ಪಟ್ಟಿ ಮುಂದೆ ನಿಂತೇ ಇರುತ್ತಾಳೆ. ಓದಲು ಬಾರದು, ಕೇಳಲು ನಾಚಿಕೆ. ಇನ್ನೊಬ್ಬಳು ಬಂದು ಮೆಲ್ಲಗೆ ಹೆಸರು ಕೇಳಿ, ಪಟ್ಟಿಯಲ್ಲಿ ಹುಡುಕಿ ತೋರಿಸುತ್ತಾಳೆ. ಅಲ್ಲಿ ನೀವು ಏನೂ ವಿವರಿಸಬೇಡಿ.

ಮುಜುಗರದ ವಿಷಯ: ಡೂಗನ್ ಮೊದಲ ಸಲ ಬಂದಾಗ ಕುಡಿದು ಬಂದು ಹುಡುಗಿಯರ ಕೋಣೆಯಲ್ಲೇ ಮೂತ್ರ ಮಾಡುತ್ತಾನೆ. ಮಡೋನಾ ಮಾಡಿದ ಮೇ ಎಂಬ ಪಾತ್ರದ ಕೆಲವು ಪೋಲಿ ಮಾತುಗಳಿವೆ. ಹೈಸ್ಕೂಲು ಮಕ್ಕಳಿಗೆ ಅಡ್ಡಿಯಿಲ್ಲ, ಪ್ರೈಮರಿಯವರನ್ನು ಕೂರಿಸಬೇಡಿ. ನನಗೆ ಜಾಸ್ತಿ ಚುಚ್ಚುವುದು ಬೇರೆ. ಮಾರ್ಲಾ ಹೂಚ್ ಎಂಬ ಹುಡುಗಿಯ ರೂಪವನ್ನು ಸಿನಿಮಾ ಮತ್ತೆ ಮತ್ತೆ ಗೇಲಿ ಮಾಡುತ್ತದೆ. ಅವಳು ಜಿಮ್‌ನೊಳಗೆ ಹೊಡೆದ ಚೆಂಡುಗಳು ಕಿಟಕಿ ಒಡೆದುಕೊಂಡು ಹೋಗುತ್ತವೆ, ಆದರೂ ಮುಖ ನೋಡಿ ಆಯ್ಕೆಗಾರ ಬೇಡ ಅನ್ನುತ್ತಾನೆ. ಆಗ ಡಾಟಿ, ಕಿಟ್ ಇಬ್ಬರೂ ಕೈಲಿದ್ದ ಸೂಟ್‌ಕೇಸ್ ಕೆಳಗಿಡುತ್ತಾರೆ. ಅವಳಿಲ್ಲದೆ ನಾವೂ ಬರಲ್ಲ ಅಂತ. ಮಕ್ಕಳು ಮಾರ್ಲಾಳನ್ನು ನೋಡಿ ನಗಬಹುದು. ಆ ಸೂಟ್‌ಕೇಸ್ ಜಾಗದಲ್ಲಿ ನಗು ತಾನಾಗಿ ನಿಲ್ಲುತ್ತದೆ.

ಇನ್ನೊಂದು ದೃಶ್ಯ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ, ಅಲ್ಲಿ ನಿಲ್ಲಿಸಿ ಮಾತಾಡಲೇಬೇಕು. ಚೆಂಡೊಂದು ಮೈದಾನದ ಅಂಚಿಗೆ ಉರುಳುತ್ತದೆ. ಅಲ್ಲಿ ನಿಂತ ಕಪ್ಪು ಹೆಂಗಸೊಬ್ಬಳು ಅದನ್ನು ಎತ್ತಿಕೊಳ್ಳುತ್ತಾಳೆ. ಹತ್ತಿರದಲ್ಲೇ ಡಾಟಿ ಕಾಯುತ್ತಿದ್ದಾಳೆ. ಆಕೆ ಡಾಟಿಯನ್ನು ದಾಟಿಸಿ, ದೂರದಲ್ಲಿರುವ ಇನ್ನೊಬ್ಬಳ ಗ್ಲೌಸಿಗೆ ನೇರವಾಗಿ ಎಸೆಯುತ್ತಾಳೆ. ಹಿಡಿದವಳ ಅಂಗೈ ಚುರುಗುಟ್ಟುತ್ತದೆ. ಎಸೆದವಳು ಒಂದು ಸಲ ತಲೆಯಾಡಿಸಿ ಹೊರಟುಹೋಗುತ್ತಾಳೆ, ಅಷ್ಟೆ. ಈ ಲೀಗಿನಲ್ಲಿ ಕಪ್ಪು ಆಟಗಾರ್ತಿಯರಿಗೆ ಜಾಗ ಇರಲಿಲ್ಲ. ಮೇಮಿ ಜಾನ್ಸನ್ ಎಂಬ ಪಿಚರ್ ಆಯ್ಕೆಗೆ ಹೋದಾಗ ಒಳಗೇ ಬಿಡಲಿಲ್ಲ. ಮುಂದೆ ಆಕೆ, ಟೋನಿ ಸ್ಟೋನ್, ಕಾನಿ ಮಾರ್ಗನ್ ಮೂವರೂ ಕಪ್ಪು ಆಟಗಾರರ ನೀಗ್ರೊ ಲೀಗ್‌ನ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಲ್ಲಿ ಗಂಡಸರ ಜೊತೆ, ಗಂಡಸರ ವಿರುದ್ಧ ಆಡಿದರು. ಲೀಗಿನಲ್ಲಿ ಆಡಿದ 600ಕ್ಕೂ ಜಾಸ್ತಿ ಹೆಣ್ಣುಮಕ್ಕಳ ಬಗ್ಗೆ ಹೆಮ್ಮೆಯಿಂದ ಹೇಳುವಾಗ ಈ ಮೂವರ ಹೆಸರನ್ನೂ ಸೇರಿಸಿ ಹೇಳಿ.

ಕೋಚ್ ಆಗಿ ನಿಮಗೆ ಎರಡು ಮಾತು. ಬೇಸ್‌ಬಾಲ್‌ನಲ್ಲಿ ಅಳು ಇಲ್ಲ ಅಂತ ಡೂಗನ್ ಕೂಗಾಡುವ ಜಾಗ ತುಂಬಾ ಪ್ರಸಿದ್ಧ. ಎಲ್ಲರೂ ಆ ಮಾತಿಗೆ ನಕ್ಕು ಮುಂದೆ ಹೋಗುತ್ತಾರೆ. ಆಗ ಬೈಸಿಕೊಂಡ ಆಟಗಾರ್ತಿ ಎವೆಲಿನ್ ಮಾಡಿದ ತಪ್ಪೇನು ಅಂತ ನಿಮ್ಮ ಹುಡುಗಿಯರನ್ನು ಕೇಳಿ. ಎರಡು ರನ್ ಮುಂದಿದ್ದಾಗ ಅವಳು ಔಟ್‌ಫೀಲ್ಡಿನಿಂದ ನೇರ ಹೋಮ್‌ಗೆ ಎಸೆದಳು. ಅಷ್ಟರಲ್ಲಿ ಸಮ ಮಾಡಬಲ್ಲ ರನ್ನರ್ ಎರಡನೇ ಬೇಸ್ ಸೇರಿದಳು. ನಡುವೆ ನಿಂತ ಕಟ್‌ಆಫ್ ಆಟಗಾರ್ತಿಗೆ ಎಸೆದಿದ್ದರೆ ಆ ರನ್ನರ್ ಮೊದಲ ಬೇಸ್‌ನಲ್ಲೇ ಇರುತ್ತಿದ್ದಳು. ಮುಂದೆ ಎವೆಲಿನ್ ಅದೇ ತಪ್ಪನ್ನು ಇನ್ನೊಮ್ಮೆ ಮಾಡುತ್ತಾಳೆ. ಆಗ ಡೂಗನ್ ಸಿಟ್ಟು ನುಂಗಿಕೊಂಡು, ಮೈ ನಡುಗಿಸುತ್ತಾ ಮೃದುವಾಗಿ ಹೇಳಲು ಒದ್ದಾಡುತ್ತಾನೆ. ಈ ಎರಡನ್ನೂ ಒಟ್ಟಿಗೆ ತೋರಿಸಿ, ಮಾರನೇ ದಿನ ಕಟ್‌ಆಫ್ ಡ್ರಿಲ್ ಮಾಡಿಸಿ.

ಎರಡನೆಯದು, ಕೊನೆಯ ಆಟದಲ್ಲಿ ಹೋಮ್ ಪ್ಲೇಟ್ ಹತ್ತಿರ ಒಂದು ಜೋರಾದ ಡಿಕ್ಕಿ ಇದೆ. ಯಾರು ಯಾರಿಗೆ, ಏನಾಯಿತು ಅಂತ ನಾನು ಹೇಳಲ್ಲ. ಆದರೆ ಅದನ್ನು ಆಡಿ ನೋಡೋಕೆ ಹೋಗಬಾರದು ಅಂತ ಮೊದಲೇ ಹೇಳಿಬಿಡಿ. ಆ ಕಾಲದ ಬೇಸ್‌ಬಾಲ್‌ನಲ್ಲಿ ಅದು ನಡೆಯುತ್ತಿತ್ತು. ಈಗ ಗಂಡಸರ ಮೇಜರ್ ಲೀಗ್ ಕೂಡ 2014ರಿಂದ ಅದಕ್ಕೆ ಕಡಿವಾಣ ಹಾಕಿದೆ. ಸಾಫ್ಟ್‌ಬಾಲ್‌ನಲ್ಲಂತೂ ಕ್ಯಾಚರ್‌ಗೆ (ಹೋಮ್ ಪ್ಲೇಟ್ ಹಿಂದೆ ಚೆಂಡು ಹಿಡಿಯುವವಳು) ಬೇಕಂತಲೇ ಗುದ್ದಿದರೆ ಔಟ್, ಜೊತೆಗೆ ಹೊರಗೆ ಕಳಿಸಲೂಬಹುದು.

ಭಾಷೆಗೆ ಹೆದರಬೇಡಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ಆಟದ ದೃಶ್ಯಗಳಲ್ಲಿ ನೀವೇ ಕನ್ನಡದಲ್ಲಿ ಕಾಮೆಂಟರಿ ಹೇಳುತ್ತಾ ಹೋಗಿ. ಸೇನೆಯ ತಂತಿ ಬರುವ ದೃಶ್ಯಕ್ಕೆ ಯಾವ ಭಾಷೆಯೂ ಬೇಡ. ಸಿನಿಮಾ ಮುಗಿದು ಹೆಸರುಗಳು ಶುರುವಾದ ಕೂಡಲೇ ಲೈಟ್ ಹಾಕಿ ಮಕ್ಕಳನ್ನು ಎಬ್ಬಿಸಬೇಡಿ. ಆಗ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್‌ನ ಮೈದಾನದಲ್ಲಿ ಆಡುವ ಅಜ್ಜಿಯರು ನಟಿಯರಲ್ಲ, ಆ ಲೀಗಿನಲ್ಲೇ ಆಡಿದ್ದವರು. ನಿಮ್ಮ ಪಿಚರ್‌ಗೆ ಅವರ ಕೈ ನೋಡು ಅನ್ನಿ.