ಎನ್‌ಎಚ್‌ಎಲ್ ಲಾಕೌಟ್‌ಗಳು ಮತ್ತು ಖಾಲಿ ಕುರ್ಚಿಗಳು

ಪ್ರಶ್ನೆ: ನನ್ನ ಮಗ ಟೊರಾಂಟೊದಲ್ಲಿದ್ದಾನೆ. ಅಲ್ಲಿನ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಂದು ವರ್ಷ ಇಡೀ ಸೀಸನ್ನೇ ನಡೆಯಲಿಲ್ಲ ಅಂತ ಹೇಳುತ್ತಿದ್ದ. ಅಷ್ಟು ಸಂಬಳ ಪಡೆಯುವ ಆಟಗಾರರು ಮುಷ್ಕರ ಮಾಡಿದ್ದೇಕೆ? ಆಮೇಲೆ ಜನ ಬರದೆ ಕೆಲವು ತಂಡಗಳು ಊರು ಬಿಟ್ಟಿದ್ದು ಇದರಿಂದಲೇನಾ? (ಓದುಗರು, ಧಾರವಾಡ)

ಉತ್ತರ: ನಿಮ್ಮ ಮಗ ಹೇಳಿದ್ದು 2004–05ರ ಸೀಸನ್. ಆಗ ಬಾಗಿಲು ಹಾಕಿದವರು ತಂಡಗಳ ಮಾಲೀಕರು. ಕಾರ್ಖಾನೆಗಳಲ್ಲಿ ಆಗುತ್ತಲ್ಲ, ಅದೇ ಲಾಕೌಟ್. 2005ರ ಫೆಬ್ರುವರಿ 16ರಂದು ಕಮಿಷನರ್ ಗ್ಯಾರಿ ಬೆಟ್‌ಮನ್ ಸೀಸನ್ ರದ್ದು ಮಾಡಿದರು. 1,230 ಲೀಗ್ ಪಂದ್ಯಗಳು ಹೋದವು. ಲೀಗ್ ಗೆದ್ದವರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಯಾರಿಗೂ ಸಿಗಲಿಲ್ಲ. ಹಾಗಾಗಿದ್ದು 1919ರ ಫ್ಲೂ ಸಾಂಕ್ರಾಮಿಕದ ನಂತರ ಅದೇ ಮೊದಲು. 1994 ಮತ್ತು 2012ರಲ್ಲೂ ಲಾಕೌಟ್ ಆಯಿತು. ಆ ಎರಡು ಸಲ ಸೀಸನ್ ತಂಡಕ್ಕೆ 48 ಪಂದ್ಯಗಳಿಗೆ ಇಳಿದು ಹೇಗೋ ಮುಗಿಯಿತು.

ಆಟಗಾರರು ಮುಷ್ಕರ ಹೂಡಿದ್ದು 1992ರ ಏಪ್ರಿಲ್‌ನಲ್ಲಿ, ಹತ್ತು ದಿನ. ಅವರು ಆರಿಸಿಕೊಂಡ ಸಮಯ ನೋಡಿ. ಆಟಗಾರರ ಸಂಬಳ ಲೀಗ್ ಹಂತದಲ್ಲೇ ಬಂದುಬಿಡುತ್ತದೆ. ಪ್ಲೇಆಫ್ ಟಿಕೆಟ್ ದುಡ್ಡು ಬಹುಪಾಲು ಮಾಲೀಕರಿಗೆ. ಹಾಗಾಗಿ ಪ್ಲೇಆಫ್ ಹೊಸ್ತಿಲಲ್ಲಿ ಆಟ ನಿಂತರೆ ಏಟು ಬೀಳುವುದು ಮಾಲೀಕರಿಗೆ. ಆ ಮುಷ್ಕರದಿಂದ ಆಟಗಾರರಿಗೆ ಪ್ಲೇಆಫ್ ಬೋನಸ್ ಹೆಚ್ಚಿತು, ಅಭಿಮಾನಿಗಳು ಕೊಂಡು ಕೂಡಿಡುವ, ತಮ್ಮ ಫೋಟೊ ಇರುವ ಕಾರ್ಡ್‌ಗಳ ಮೇಲಿನ ಹಕ್ಕೂ ಸಿಕ್ಕಿತು. ಮಾಲೀಕರು ಪಾಠ ಕಲಿತರು. ಆಮೇಲಿನ ಮೂರೂ ಲಾಕೌಟ್ ಶುರುವಾಗಿದ್ದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಆಟಗಾರರ ಮೊದಲ ಸಂಬಳ ಬರುವ ಮೊದಲೇ.

2004ರ ಜಗಳ ಮುಖ್ಯವಾಗಿ ಸ್ಯಾಲರಿ ಕ್ಯಾಪ್ ಬಗ್ಗೆ. ಐಪಿಎಲ್ ತಂಡಗಳಿಗೆ ಪರ್ಸ್ ಮಿತಿ ಇದ್ದಂತೆ ಇದು. ಚಿಕ್ಕ ಊರಿನ ತಂಡಗಳು ಮುಳುಗುತ್ತಿವೆ, ಸಂಬಳಕ್ಕೆ ಕಡಿವಾಣ ಬೇಕೇ ಬೇಕು ಅಂತ ಮಾಲೀಕರು ಪಟ್ಟು ಹಿಡಿದರು. ಕೊನೆಗೆ ಗೆದ್ದವರೂ ಅವರೇ. ತಂಡಕ್ಕೆ 3.9 ಕೋಟಿ ಡಾಲರ್ ಮಿತಿ ಬಂತು, ಇದ್ದ ಒಪ್ಪಂದಗಳಲ್ಲೇ ಸಂಬಳ 24% ಕಡಿತವಾಯಿತು. 2012ರಲ್ಲಿ ಮತ್ತೆ ಬೀಗ ಹಾಕಿ, ಆದಾಯದಲ್ಲಿ ಆಟಗಾರರ ಪಾಲನ್ನು 57%ರಿಂದ 50%ಕ್ಕೆ ಇಳಿಸಿದರು. ದೊಡ್ಡ ಆಟಗಾರರಿಗೆ ಹೋಗಲು ಜಾಗ ಇತ್ತು. 2012ರಲ್ಲಿ ಒವೆಚ್ಕಿನ್ ಮಾಸ್ಕೋದ ತಂಡಕ್ಕೆ ಆಡಿದರು, ಯಾಗರ್ ತಮ್ಮೂರು ಕ್ಲಾದ್ನೊ ತಂಡಕ್ಕೆ. ಪಂದ್ಯ ಇದ್ದ ದಿನ ಮಾತ್ರ ಸಂಬಳ ಸಿಗುವ ಗೇಟಿನವರು, ತಿಂಡಿ ಮಾರುವವರು, ಪಾರ್ಕಿಂಗ್ ನೋಡುವವರು ಎಲ್ಲಿಗೆ ಹೋಗಬೇಕು? ಈ ಜಗಳಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಅವರೇ. ಮಾತುಕತೆಯ ಮೇಜಿನಲ್ಲಿ ಅವರಿಗೆ ಕುರ್ಚಿಯೇ ಇರಲಿಲ್ಲ.

ಈಗ ಜನ ಬರಲಿಲ್ಲವೇ ಅನ್ನುವ ಪ್ರಶ್ನೆ. ಬಂದರು, ಮೊದಲಿಗಿಂತ ಜಾಸ್ತಿ ಬಂದರು. 2005ರಲ್ಲಿ ಮಂಜಿನ ಅಂಕಣದ ಮೇಲೇ ‘ಥ್ಯಾಂಕ್ ಯೂ ಫ್ಯಾನ್ಸ್’ ಅಂತ ಬರೆಸಿದ್ದರು. ಆ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 16,900ಕ್ಕೂ ಹೆಚ್ಚು ಪ್ರೇಕ್ಷಕರು, ಅದು ಆಗಿನ ದಾಖಲೆ. ಅಂದರೆ ಕುರ್ಚಿ ಖಾಲಿಯಾಗಲು ಕಾರಣ ಬೇರೆ ಕಡೆ ಇದೆ.

ಅಟ್ಲಾಂಟಾ ನೋಡಿ. ಸ್ಯಾಲರಿ ಕ್ಯಾಪ್ ಬಂದು ಆರು ವರ್ಷಕ್ಕೆ, 2011ರಲ್ಲಿ, ಥ್ರಾಷರ್ಸ್ ತಂಡ ವಿನಿಪೆಗ್‌ಗೆ ಹೋಯಿತು. ಅಟ್ಲಾಂಟಾದಲ್ಲಿದ್ದಷ್ಟು ಕಾಲದಲ್ಲಿ ಪ್ಲೇಆಫ್ ಮುಟ್ಟಿದ್ದು ಒಂದೇ ಸಲ, ಅದರಲ್ಲೂ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಮೇಲಾಗಿ ಮಾಲೀಕರು ತಮ್ಮತಮ್ಮಲ್ಲೇ ಕೋರ್ಟು ಮೆಟ್ಟಿಲು ಹತ್ತಿದ್ದರು. ಅರಿಜೋನಾದ ಕಯೋಟೀಸ್ ತಂಡದ ಕಥೆ ಇನ್ನೂ ಬೇಸರದ್ದು. ಕ್ರೀಡಾಂಗಣ ಇದ್ದಿದ್ದು ಫೀನಿಕ್ಸ್‌ನ ಪಶ್ಚಿಮಕ್ಕೆ ಗ್ಲೆಂಡೇಲ್‌ನಲ್ಲಿ, ಟಿಕೆಟ್ ಕೊಳ್ಳುವ ಜನ ಹೆಚ್ಚಾಗಿ ಪೂರ್ವದಲ್ಲಿ. 2009ರಲ್ಲಿ ದಿವಾಳಿಯಾಗಿ ಲೀಗೇ ತಂಡ ಕೊಂಡುಕೊಂಡಿತು. 2022ರಿಂದ ಸುಮಾರು 4,600 ಸೀಟಿನ ಕಾಲೇಜು ಕ್ರೀಡಾಂಗಣದಲ್ಲಿ ಆಡಿದರು. 2023ರಲ್ಲಿ ಟೆಂಪಿ ನಗರದ ಮತದಾರರು ಹೊಸ ಕ್ರೀಡಾಂಗಣ ಬೇಡ ಅಂದರು. ಮರುವರ್ಷ ಆಟಗಾರರೆಲ್ಲ ಸಾಲ್ಟ್ ಲೇಕ್ ಸಿಟಿಗೆ ಹೊರಟರು.

ಇದಕ್ಕೆ ವಿರುದ್ಧ ಷಿಕಾಗೊ. ಹಳೆಯ ಮಾಲೀಕ ಬಿಲ್ ವಿರ್ಟ್ಜ್ ತವರಿನ ಪಂದ್ಯಗಳನ್ನು ಊರಿನ ಟಿವಿಯಲ್ಲಿ ತೋರಿಸಲು ಬಿಡುತ್ತಲೇ ಇರಲಿಲ್ಲ. 2007ರಲ್ಲಿ ಅವರು ತೀರಿಕೊಂಡ ಮೇಲೆ ಮಗ ರಾಕಿ ಪಂದ್ಯಗಳನ್ನು ಟಿವಿಗೆ ಕೊಟ್ಟರು. ಹೊಸ ಹುಡುಗರು ಚೆನ್ನಾಗಿ ಆಡಿದರು, ಸೀಟುಗಳು ತುಂಬಿದವು. 2010ರಲ್ಲಿ ಕಪ್ಪೂ ಬಂತು, 1961ರ ನಂತರ ಮೊದಲ ಸಲ. ‘ಬಡ ತಂಡಗಳಿಗಾಗಿ’ ಅಂತ ಬೀಗ ಹಾಕಿದ್ದನ್ನು ನಾನು ಒಪ್ಪದಿರುವುದು ಇದಕ್ಕೇ. ಕ್ಯಾಪ್ ಖರ್ಚು ಇಳಿಸಬಹುದು, ಒಂದೇ ಒಂದು ಟಿಕೆಟ್ ಮಾರಲಾರದು.

ಪ್ರಶ್ನೆ: ಟಿವಿಯಲ್ಲಿ ಅರ್ಧ ಸೀಟು ಖಾಲಿ ಕಾಣುತ್ತದೆ, ಪ್ರೇಕ್ಷಕರ ಸಂಖ್ಯೆ ಮಾತ್ರ ಸಾವಿರಾರು ಅಂತ ಹೇಳುತ್ತಾರೆ. ಹೇಗೆ? (ಓದುಗರು, ಬೆಂಗಳೂರು)

ಉತ್ತರ: ಅವರು ಹೇಳುವುದು ಹಂಚಿಕೆಯಾದ ಟಿಕೆಟ್ ಲೆಕ್ಕ, ಗೇಟು ದಾಟಿ ಬಂದವರದ್ದಲ್ಲ. ಸೀಸನ್ ಟಿಕೆಟ್ ಕೊಂಡು ಮನೆಯಲ್ಲೇ ಕೂತವರೂ ಅದರಲ್ಲಿ ಸೇರುತ್ತಾರೆ. ಹಾಗಾಗಿ ಸೋಲುತ್ತಿರುವ ತಂಡದ ಸ್ಥಿತಿ ತಿಳಿಯಲು ಆ ಸಂಖ್ಯೆಗಿಂತ ನಿಮ್ಮ ಕಣ್ಣನ್ನೇ ನಂಬಿ.

ಪ್ರಶ್ನೆ: ನಮ್ಮ ಹಾಕಿ ಆಟಗಾರರು ಯಾವತ್ತಾದರೂ ಹೀಗೆ ಹೋರಾಡಿದ್ದಾರಾ? (ಓದುಗರು, ವಿರಾಜಪೇಟೆ)

ಉತ್ತರ: 2010ರ ಜನವರಿಯಲ್ಲಿ, ದೆಹಲಿ ವಿಶ್ವಕಪ್‌ಗೆ ಇನ್ನೇನು ಕೆಲವೇ ವಾರ ಇತ್ತು. ಪುಣೆ ಶಿಬಿರದಲ್ಲಿ ಭಾರತ ತಂಡದವರು ಬಾಕಿ ಹಣ ಕೊಡುವ ತನಕ ಅಭ್ಯಾಸಕ್ಕೆ ಇಳಿಯಲ್ಲ ಅಂದರು. ಕೆಲವು ದಿನಗಳ ಜಗ್ಗಾಟದ ನಂತರ ಪ್ರಾಯೋಜಕರಾದ ಸಹಾರಾ ಒಂದು ಕೋಟಿ ರೂಪಾಯಿ ಕೊಡಲು ಮುಂದಾಯಿತು, ಶಿಬಿರ ಮತ್ತೆ ಶುರುವಾಯಿತು. ಆ ವಿಶ್ವಕಪ್ ತಂಡದಲ್ಲಿ ನಿಮ್ಮ ಕೊಡಗಿನ ಅರ್ಜುನ್ ಹಾಲಪ್ಪ ಕೂಡ ಇದ್ದರು. ದೇಶಕ್ಕೆ ಆಡುವವರು ತಮ್ಮ ದುಡ್ಡಿಗಾಗಿ ಸ್ಟಿಕ್ ಕೆಳಗಿಡಬೇಕಾಗಿ ಬಂದಿದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಎನ್‌ಎಚ್‌ಎಲ್ ಆಟಗಾರರ ಸಂಘ ಸೋತಾಗಲೂ ಅವರ ಕೈಯಲ್ಲಿ ಸಹಿಯಾದ ಒಪ್ಪಂದ ಉಳಿದಿತ್ತು. 2025ರಲ್ಲಂತೂ ಹಳೆಯ ಒಪ್ಪಂದ ಮುಗಿಯಲು ಇನ್ನೂ ಒಂದು ವರ್ಷ ಇರುವಾಗಲೇ ಜಗಳವಿಲ್ಲದೆ ಹೊಸದಕ್ಕೆ ಒಪ್ಪಿಕೊಂಡರು. ಪುಣೆಯಲ್ಲಿ ಸಮಸ್ಯೆ ಬಗೆಹರಿದಿದ್ದು ಪ್ರಾಯೋಜಕರ ಚೆಕ್‌ನಿಂದ. ಟೂರ್ನಿ ಮುಗಿದು ಎಷ್ಟು ದಿನದೊಳಗೆ ಹಣ ಕೈಸೇರಬೇಕು, ಗಾಯವಾದರೆ ಆಸ್ಪತ್ರೆ ಖರ್ಚು ಯಾರದ್ದು, ಇಷ್ಟನ್ನಾದರೂ ಆಟಗಾರರೆಲ್ಲ ಒಟ್ಟಾಗಿ ಮೊದಲೇ ಬರೆಸಿಕೊಳ್ಳಬೇಕು.